ಕಾಲು ಮುಂದಾಗಿ ಹುಟ್ಟಿದವಳು

ಗುರುಸಿದ್ದವ್ವ ಹುಟ್ಟುವಾಗ ತಲೆ ಮುಂದೆ ಮಾಡಿ ಬರಲಿಲ್ಲ, ಕಾಲು ಮುಂದೆ ಮಾಡಿ ಬಂದಳು. ಹುನಗುಂದದ ಹತ್ತಿರದ ಆ ಹಳ್ಳಿಯ ಸೂಲಗಿತ್ತಿ ಮೊದಲು ಹೆದರಿದಳಂತೆ, ಕೂಸು ಅತ್ತ ಮೇಲೆ ನಕ್ಕಳಂತೆ. ಅವತ್ತಿನಿಂದ ಆ ಕಾಲು ಅವಳದಾಗಿ ಉಳಿಯಲಿಲ್ಲ, ಊರಿನದಾಯಿತು. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಒದ್ದರೆ ಹಿಡಿದ ನಡ ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರಲ್ಲ, ಅದಕ್ಕೆ.

ಐದು ವರ್ಷದ ಹುಡುಗಿಯನ್ನು ಅವ್ವ ಹೊಸ್ತಿಲ ಒಳಗೆ ನಿಲ್ಲಿಸುತ್ತಿದ್ದಳು. ಮೀಸೆ ಹೊತ್ತ ಗಂಡಸರು ಹೊಸ್ತಿಲ ಮೇಲೆ ಅಡ್ಡಡ್ಡ ಬೋರಲು ಮಲಗುತ್ತಿದ್ದರು. ಎಡಗಾಲಿನ ಹಿಮ್ಮಡದಿಂದ ಮೂರು ಸಲ ಒದ್ದರೆ ಆಯಿತು. ಎದ್ದು ಮೈ ಕೊಡವಿಕೊಂಡು, ಭಾಳ ಹಗುರಾತವ್ವ ಎಂದು ಕೈಗೆ ಬೆಲ್ಲದ ಚೂರು ಇಟ್ಟು ಹೋಗುತ್ತಿದ್ದರು. ಹೆಚ್ಚಿನ ಉಳುಕು ನಾಲ್ಕು ದಿನಕ್ಕೋ ಎಂಟು ದಿನಕ್ಕೋ ತಾನಾಗಿಯೇ ಬಿಡುವಂಥದು, ಒದ್ದರೂ ಬಿಡುತ್ತದೆ, ಒದೆಯದಿದ್ದರೂ ಬಿಡುತ್ತದೆ. ಅದು ಒದೆಯುವವಳಿಗೂ ಗೊತ್ತಿರಲಿಲ್ಲ, ಒದೆಸಿಕೊಳ್ಳುವವರಿಗೂ ಗೊತ್ತಿರಲಿಲ್ಲ. ಹೆಸರು ಮಾತ್ರ ಕಾಲಿಗೆ ಬಂತು.

ಇಳಕಲ್ಲಿನ ನೇಕಾರ ಕಾಶಪ್ಪನಿಗೆ ಅವಳನ್ನು ಕೊಟ್ಟಾಗ ಬೀಗರು ಹೆಣ್ಣಿನ ಮುಖಕ್ಕಿಂತ ಕಾಲನ್ನೇ ಹೆಚ್ಚು ನೋಡಿದರು. ಅದಕ್ಕೆ ಕಾರಣವೂ ಇತ್ತು. ಇಳಕಲ್ಲು ಎಂದರೆ ಕುಣಿಮಗ್ಗದ ಊರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ದಂಡೆಯ ಮೇಲೆ ಕುಂಡಿ ಊರಿ, ಮುಂದಕ್ಕೆ ಬಗ್ಗಿ ಬೆಳಗಿನಿಂದ ದೀಪ ಹಚ್ಚುವ ತನಕ ಲಾಳಿ ಹೊಡೆಯುವವರು. ನಲವತ್ತು ದಾಟುವುದರೊಳಗೆ ಓಣಿಯ ಅರ್ಧ ಗಂಡಸರು ಟೊಂಕದ ಮೇಲೆ ಕೈ ಇಟ್ಟುಕೊಂಡೇ ಮಾತಾಡುತ್ತಿದ್ದರು. ಅಂಥ ಊರಿಗೆ ಗುರುಸಿದ್ದವ್ವ ಬಂದದ್ದು ದೊಡ್ಡ ಅನುಕೂಲವೇ ಆಯಿತು. ಅವಳ ಗಂಡ ಕೆಲಸ ಮಾಡುತ್ತಿದ್ದುದು ಹನ್ನೆರಡು ಮಗ್ಗದ ಒಡೆಯ ಶಂಕ್ರಪ್ಪನ ಹತ್ತಿರ. ಆ ಸಾವ್ಕಾರ ಕಂಡಕಂಡವರ ಮುಂದೆ, ನಮ್ಮ ಮಗ್ಗದ ಮಂದಿಗೆ ನಮ್ಮದ ದವಾಖಾನಿ ಐತಿ ಎಂದು ಬೀಗುತ್ತಿದ್ದ. ಜೇನು ಸುರಿದಂಥ ದನಿ ಅವನದು. ಆ ದನಿಗೆ ಬೆಂಕಿ ಬೀಳಲಿ.

ಎಪ್ಪತ್ನಾಲ್ಕರ ಬೇಸಿಗೆ, ಮದುವೆಯ ಸುಗ್ಗಿ. ಕಾಶಪ್ಪನ ನಡ ಎರಡು ತಿಂಗಳಿಂದ ನೋಯುತ್ತಿತ್ತು. ನೋವು ನಡದಲ್ಲೇ ಇದ್ದಿದ್ದರೆ ಬೇರೆ ಮಾತು. ಅದು ಕುಂಡಿಗೆ ಇಳಿಯಿತು, ತೊಡೆಯ ಹಿಂಭಾಗಕ್ಕೆ ಇಳಿಯಿತು, ಎಡ ಮೀನಖಂಡಕ್ಕೆ ಬಂದು ಜಗ್ಗತೊಡಗಿತು. ಒಂದು ಮುಂಜಾನೆ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದು ಹೋಗಿತ್ತು, ಮಗ್ಗಕ್ಕೆ ಬಂದು ಮುಟ್ಟುವವರೆಗೆ ಅವನಿಗೆ ಗೊತ್ತೇ ಆಗಿರಲಿಲ್ಲ. ಕುಣಿಯಲ್ಲಿ ಇಳಿದು ಮಗ್ಗದ ಹಲಗೆ ತುಳಿದರೆ ತುಳಿದಂತೆಯೇ ಅನಿಸಲಿಲ್ಲ. ಹೆಬ್ಬೆರಳು ಎತ್ತಲು ನೋಡಿದ, ಏಳಲಿಲ್ಲ. ಅವನು ಹೆದರಿ ಶಂಕ್ರಪ್ಪನ ಮುಂದೆ ಹೋಗಿ ನಿಂತು, ಕಾಲು ಜೋಮು ಹಿಡಿದಿದೆ, ಬೆರಳು ಏಳುತ್ತಿಲ್ಲ, ಬಾಗಲಕೋಟೆಯ ದವಾಖಾನೆಗೆ ಹೋಗಿ ಬರುತ್ತೇನೆ ಎಂದ.

ಶಂಕ್ರಪ್ಪ ಒಂದು ದೊಡ್ಡ ಮದುವೆಗೆ ಕೆಂಪು ಬಿಳಿ ಗೋಪುರದಂಥ ತೋಪಿನ ಸೆರಗಿನ ಸೀರೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವುದರಲ್ಲಿ ಕಾಶಪ್ಪನ ಕೈಗೆ ಸಮ ಇನ್ನೊಂದು ಕೈ ಇರಲಿಲ್ಲ.

"ಮನ್ಯಾಗ ಅಷ್ಟ ದೊಡ್ಡ ದವಾಖಾನಿ ಇಟಗೊಂಡು ಬಾಗಲಕೋಟಿಗೆ ಹೊಂಟೀಯಲ್ಲೋ ಕಾಶಪ್ಪ," ಎಂದ. "ಒಂದು ಒದಿ ಸಾಕು. ಕರೀರಿ ಗುರುಸಿದ್ದವ್ವನ್ನ."

ಅವಳು ಬಂದಳು, ಬಂದು ಹಿಂದೆ ಸರಿದಳು. ಊರವರನ್ನೆಲ್ಲ ಒದ್ದಿದ್ದಳು ಖರೆ, ಕಟ್ಟಿಕೊಂಡ ಗಂಡನಿಗೆ ಹೆಂಡತಿ ಕಾಲು ತಾಗಿಸುವುದುಂಟೇ? ಅಪ್ಪಿತಪ್ಪಿ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು ಅವಳು. ಬೇಡವೆಂದಳು. ಔಷಧಕ್ಕೆ ಪಾಪವಿಲ್ಲ ಎಂದ ಶಂಕ್ರಪ್ಪ. ಉಳಿದ ಹನ್ನೊಂದು ಮಗ್ಗದ ನೇಕಾರರು ಲಾಳಿ ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದರು. ಕಾಶಪ್ಪ ಹೊಸ್ತಿಲ ಮೇಲೆ ಮಲಗಿದ. ಅವಳು ಮೊದಲ ಸಲ ಹೂವು ಮುಟ್ಟಿಸಿದ ಹಾಗೆ ಮುಟ್ಟಿಸಿದಳು. "ಹಂಗಲ್ಲ, ಜೋರ ಒದಿ," ಎಂದ ಶಂಕ್ರಪ್ಪ. ಎರಡನೆಯದಕ್ಕೂ ಅದನ್ನೇ ಎಂದ. ಮೂರನೆಯದನ್ನು ಅವಳು ಕಣ್ಣು ಮುಚ್ಚಿ ಒದ್ದಳು.

ಕಾಶಪ್ಪ ಎಳೆಗರುವಿನ ಹಾಗೆ ಒಂದು ದನಿ ತೆಗೆದ. ನಾಲ್ವರು ಎತ್ತಿ ನಿಲ್ಲಿಸಿದರು, ಎಡಗಾಲು ಬಟ್ಟೆಯ ಹಾಗೆ ಜೋತು ಬಿತ್ತು.

ಅಂದು ಹೊತ್ತು ಮುಳುಗುವ ಮೊದಲೇ ಶಂಕ್ರಪ್ಪ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತು ಕತೆ ಕಟ್ಟಿದ. ಗಂಡನಿಗೆ ಕಾಲು ಹಚ್ಚಬೇಡ ಎಂದು ನಾನು ಬಡಕೊಂಡೆ, ದವಾಖಾನೆಗೆ ಕರಕೊಂಡು ಹೋಗು ಎಂದು ಕೈಮುಗಿದೆ, ಆಕೆ ಕೇಳಲಿಲ್ಲ, ಆಕೆಯ ಕಾಲಿನ ಸೊಕ್ಕು ಗಂಡನ ಕಾಲು ತಿಂತು ಅಂತ. ನೋಡಿ, ಎಷ್ಟು ಸಲೀಸಾಗಿ ಅವಳ ತಲೆಯ ಮೇಲೆ ಗೂಬೆ ಕೂರಿಸಿಬಿಟ್ಟ. ಕಣ್ಣಾರೆ ಕಂಡ ಹನ್ನೊಂದು ಮಂದಿ ಅವನ ಮಗ್ಗದ ಮೇಲೆಯೇ ಹೊಟ್ಟೆ ಹೊರೆಯುವವರು, ಬಾಯಿಗೆ ಬೀಗ ಜಡಿದುಕೊಂಡರು. ಕಾಶಪ್ಪ ಮಲಗಿದಲ್ಲಿಂದಲೇ ಬಂದವರಿಗೆಲ್ಲ ನಡೆದದ್ದನ್ನು ಹೇಳಿದ. ಪಾಪ, ಹೆಂಡತಿಯ ಮರ್ಯಾದೆ ಉಳಿಸಲು ಹೇಳುತ್ತಾನೆ ಎಂದು ಜನ ತಲೆಯಾಡಿಸಿ ಹೋದರು.

ಮುಂದೆ ಗುರುಸಿದ್ದವ್ವನನ್ನು ಬಸುರಿಯರ ಕುಬಸಕ್ಕೆ ಕರೆಯುವುದು ನಿಂತಿತು, ಅರಿಶಿಣಕ್ಕೆ ಕರೆಯುವುದು ನಿಂತಿತು. ಒಂದು ಮನೆಯಲ್ಲಿ ತೊಟ್ಟಿಲಿಗೆ ಹಾಕುವ ದಿನ ತಾನಾಗಿಯೇ ಹೋದಳು. ಬಾಣಂತಿಯ ಅತ್ತೆ ತೊಟ್ಟಿಲನ್ನು ಅವಳ ಕಾಲಿನಿಂದ ದೂರ ಎಳೆದುಕೊಂಡಳು. ಗುರುಸಿದ್ದವ್ವ ಅಲ್ಲಿಂದ ಮನೆಗೆ ಬಂದವಳು ಎಡಗಾಲನ್ನು ಒನಕೆಯಿಂದ ಜಜ್ಜಿಬಿಡಬೇಕು ಎಂದು ಒನಕೆ ಎತ್ತಿದ್ದಳು. ಪಕ್ಕದ ಮನೆಯ ಅಮೀನಬಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವವಳು, ಓಡಿ ಬಂದು ಕಸಿದುಕೊಂಡಳು. ಓಣಿಯಲ್ಲಿ ಗುರುಸಿದ್ದವ್ವನ ಹೊಸ್ತಿಲು ತುಳಿಯುತ್ತಿದ್ದವಳು ಅಮೀನಬಿಯೊಬ್ಬಳೇ. ಜಜ್ಜಬೇಕಾದ್ದು ಈ ಕಾಲಲ್ಲ ಎಂದು ಗುರುಸಿದ್ದವ್ವನಿಗೆ ಅವತ್ತೇ ಹೊಳೆಯಿತು.

ಕಾಶಪ್ಪ ಆರು ತಿಂಗಳು ಹನ್ನೊಂದು ದಿನ ಹಲಗೆಯ ಮೇಲೆ ಮಲಗಿದ. ಅಲ್ಲಾಡಬೇಡ, ಏಳಬೇಡ ಎಂದು ಎಲ್ಲರೂ ಹೇಳಿದರು, ಅವಳೂ ಹೇಳಿದಳು. ತೊಡೆಗಳು ತೋಳಿನಷ್ಟಾದವು. ಕೊನೆಗೆ ಅಮೀನಬಿ ಬೈದು ಬೈದು ಅವರನ್ನು ಬಸ್ಸು ಹತ್ತಿಸಿದಳು. ಹಿಂದಿನ ಸೀಟಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗುರುಸಿದ್ದವ್ವ ಕೂತಿದ್ದಳು. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆ ಮುಟ್ಟುವುದರೊಳಗೆ ಅವನು ಎರಡು ಸಲ ಎಚ್ಚರ ತಪ್ಪಿದ.

ಡಾಕ್ಟರ್ ಪಂಢರೀನಾಥ ಸಣ್ಣ ಮೈಯ, ಸಿಡುಕು ಮುಖದ ಮನುಷ್ಯ. ಕಾಶಪ್ಪನನ್ನು ಅಂಗಾತ ಮಲಗಿಸಿ, ಮೊಳಕಾಲು ಮಡಚದಂತೆ ಒಂದೊಂದೇ ಕಾಲು ಮೇಲೆತ್ತಿ ಎಲ್ಲಿಗೆ ಜಗ್ಗುತ್ತದೆ ಎಂದು ಕೇಳಿದ. ಹೆಬ್ಬೆರಳನ್ನು ತನ್ನ ಬೆರಳಿಗೆ ಎದುರಾಗಿ ಒತ್ತಿಸಿದ. ಅಂಗಾಲಿಗೆ ಕಡ್ಡಿ ಎಳೆದ. ಒಂದಕ್ಕೆ ಎರಡಕ್ಕೆ ತಡೆಯಿಲ್ಲದೆ ಹೋಗುತ್ತದೆಯೇ ಎಂದು ವಿಚಾರಿಸಿದ. ಆಮೇಲೆ ಅವಳ ಕಡೆ ತಿರುಗಿ ಸಿಟ್ಟಿನಿಂದ ತಿಳಿಸಿ ಹೇಳಿದ. ಬೆನ್ನಿನ ಮಣಿಗಳ ನಡುವೆ ಮೆತ್ತನ್ನ ಗಾದಿ ಇರುತ್ತದೆ, ವರ್ಷಗಟ್ಟಲೆ ಬಗ್ಗಿ ಕೂತರೆ ಅದು ಹಿಂದಕ್ಕೆ ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತದೆ. ಬರೀ ನಡ ಹಿಡಿದರೆ ಹೆದರಿಕೆಯಿಲ್ಲ. ಕಾಲಿಗೆ ಜೋಮು ಬಂದರೆ, ಬೆರಳು ಏಳದಿದ್ದರೆ, ಉಚ್ಚೆ ನಿಂತರೆ ಅಂದೇ ಓಡಿ ಬರಬೇಕು.

"ನನ್ನ ಒದಿಯಿಂದ ಹೋತೇನ್ರಿ ಕಾಲು?" ಎಂದು ಅವಳು ಕೇಳಿದಳು.

"ಬೆರಳಿನ ಶಕ್ತಿ ಮೊದಲೇ ಬಿದ್ದಿತ್ತಲ್ಲ. ಒದ್ದದ್ದರಿಂದ ಚಲೋ ಅಂತೂ ಆಗಿಲ್ಲವ್ವ, ಸುಳ್ಳು ಯಾಕ ಹೇಳ್ಲಿ. ಆದ್ರ ಬೆರಳು ಬಿದ್ದ ದಿನ ಇಲ್ಲಿಗೆ ಬಂದಿದ್ರ ಉಳೀತಿತ್ತು. ತಡದವರು ಯಾರು ಅದನ್ನ ಮೊದಲು ಕೇಳು," ಎಂದ ಡಾಕ್ಟರ್. "ಮತ್ತ ಈ ಆರು ತಿಂಗಳು ಯಾವ ಶಾಣ್ಯಾ ಮಲಗಿಸಿದ? ಮಲಗಿದಷ್ಟೂ ನಡ ಸಾಯ್ತದ. ಎಬ್ಬಿಸ್ಲಿಕ್ಕೆ ಒಂದು ವರ್ಷ ಬೇಕೀಗ."

ಒಂದು ವರ್ಷವೇ ಹಿಡಿಯಿತು. ಬೋರಲು ಮಲಗಿ ಎದೆ ಎತ್ತುವುದು, ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ ಕೈ ಊರಿ ಏಳುವುದು, ಗೋಡೆ ಹಿಡಿದು ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಕಾಶಪ್ಪ ಕೋಲು ಹಿಡಿದು ನಡೆದಾಡುವಂತಾದ, ಎಡಪಾದ ಮಾತ್ರ ನೆಲ ಕೆರೆಯುತ್ತಿತ್ತು. ಅವನು ಮತ್ತೆ ಕುಣಿಗೆ ಇಳಿಯುವ ಹಾಗಿರಲಿಲ್ಲ. ಮನೆಯಲ್ಲಿ ಹಿರಿಯರ ಕಾಲದಿಂದ ಖಾಲಿ ಬಿದ್ದಿದ್ದ ಒಂದು ಮಗ್ಗಕ್ಕೆ ಗುರುಸಿದ್ದವ್ವ ಇಳಿದಳು. ಪ್ರತಿ ಕಂಡಿಕೆ ತೀರಿದಾಗ ಎದ್ದು, ಟೊಂಕಕ್ಕೆ ಎರಡೂ ಕೈ ಕೊಟ್ಟು ಹಿಂದಕ್ಕೆ ಬಾಗಿ, ಬಾಗಿಲ ತನಕ ನಡೆದು ಬರುತ್ತಿದ್ದಳು. ಭಾರ ಎತ್ತುವಾಗ ನಡ ಬಗ್ಗಿಸದೆ ಮೊಳಕಾಲು ಬಗ್ಗಿಸಿ ಎತ್ತುತ್ತಿದ್ದಳು. ಹಾದಿಯ ಮಂದಿ ನೋಡಿ ನಕ್ಕರು. ನಗಲಿ. ನಕ್ಕವರ ನಡ ಬಾಗಿತು, ಅವಳದು ಬಾಗಲಿಲ್ಲ. ಒದೆಯುವುದನ್ನಂತೂ ಅವಳು ಎಳ್ಳುನೀರು ಬಿಟ್ಟು ಕೈಬಿಟ್ಟಿದ್ದಳು.

ಕೈಬಿಡದೆ ಇದ್ದದ್ದು ಒಂದೇ. ಶಂಕ್ರಪ್ಪ ದಿನಾ ಮುಂಜಾನೆ ಅವಳ ಮನೆಯ ಮುಂದೆಯೇ ಗುಡಿಗೆ ಹೋಗುತ್ತಿದ್ದ. ಅವನ ಜೋಡಿನ ಸಪ್ಪಳ ಕೇಳಿದರೆ ಸಾಕು, ಕುಣಿಯೊಳಗಿಂದಲೇ ಹತ್ತೂ ಬೆರಳಿನ ಲಟಿಕೆ ಮುರಿದು ಹಿಡಿಶಾಪ ಹಾಕುತ್ತಿದ್ದಳು. ಅವಳಿಗೆ ಅವನ ಮನೆ ಹಾಳಾಗುವುದು ಬೇಕಿರಲಿಲ್ಲ, ಮಕ್ಕಳು ಮರಿ ಸಾಯುವುದು ಬೇಕಿರಲಿಲ್ಲ. ಆ ದಿನ ಒದೆ ಎಂದವನು ನಾನು, ದವಾಖಾನೆ ತಪ್ಪಿಸಿದವನು ನಾನು ಎಂದು ಅವನು ನಾಲ್ಕು ಮಂದಿಯ ಎದುರು ತನ್ನ ಬಾಯಿಂದ ಹೇಳಬೇಕು. ಅದನ್ನು ಕೇಳದೆ ತಾನು ಸಾಯಬಾರದು. ಹೀಗೆ ಹತ್ತು ವರ್ಷ ಕಳೆಯಿತು.

ಎಂಬತ್ನಾಲ್ಕರ ಯುಗಾದಿ ಮುಗಿದ ವಾರ. ಹುಟ್ಟಿದಾಗಿನಿಂದ ಗಾದಿ ಬಿಟ್ಟು ಏಳದ ಶಂಕ್ರಪ್ಪ ಏನು ಹುರುಪು ಬಂದಿತ್ತೋ, ಸೀರೆಯ ಗಂಟನ್ನು ಒಬ್ಬನೇ ಬಗ್ಗಿ ಎತ್ತಲು ಹೋದ. ಅಲ್ಲೇ ಹಿಡಿಯಿತು ನೋಡಿ. ತುಳಸಿಗೇರಿಯಿಂದ ಎಣ್ಣೆ ತಿಕ್ಕುವವನು ಬಂದ. ಗಾಡಿಯಲ್ಲಿ ಮಲಗಿಸಿಕೊಂಡು ಮಹಾಕೂಟಕ್ಕೆ ಹೋಗಿ ಹೊಂಡದಲ್ಲಿ ಮುಳುಗಿಸಿ ತಂದರು, ಗಾಡಿಯ ಕುಲುಕಾಟಕ್ಕೆ ಇನ್ನಷ್ಟು ಬಿಗಿಯಿತು. ದವಾಖಾನೆಗೆ ಎಂದರೆ ಬೆನ್ನಿಗೆ ಸೂಜಿ ಚುಚ್ಚುತ್ತಾರೆ ಎಂದು ಆ ಧೈರ್ಯಶಾಲಿ ಕೂಸಿನ ಹಾಗೆ ಅತ್ತನಂತೆ. ಆರನೆಯ ದಿನ ಮಧ್ಯಾಹ್ನ ಇಬ್ಬರು ಆಳುಗಳು ಅವನನ್ನು ಹೊರಸಿನ ಮೇಲೆ ಹೊತ್ತು ತಂದು ಗುರುಸಿದ್ದವ್ವನ ಬಾಗಿಲಲ್ಲಿ ಇಳಿಸಿದರು. ಜೊತೆಗೆ ಅಮೀನಗಡದ ಕರದಂಟಿನ ಪೊಟ್ಟಣ.

"ತಂಗಿ, ಒಂದ ಸಲ ಕಾಲು ಹಚ್ಚು," ಎಂದ. ಅದೇ ಜೇನಿನ ದನಿ.

ಅವಳ ಮೈಯೆಲ್ಲ ಉರಿದುಹೋಯಿತು. ಈ ಕಾಲು ಗಂಡನ ಕಾಲು ತಿಂತು ಎಂದು ಊರಿಗೆಲ್ಲ ಸಾರಿದವನು, ತನ್ನ ನಡ ಹಿಡಿದಾಗ ಅದೇ ಕಾಲಿಗೆ ಬಂದಿದ್ದಾನೆ. ಅಂದರೆ ತಾನು ಕಟ್ಟಿದ ಕತೆಯನ್ನು ಅವನೇ ಒಂದು ದಿನವೂ ನಂಬಿರಲಿಲ್ಲ! ನಂಬಿ ಹೇಳಿದ್ದರೆ ಮೂರ್ಖ ಎಂದು ಬಿಡಬಹುದಿತ್ತು. ಸುಳ್ಳೆಂದು ಗೊತ್ತಿದ್ದೇ ಹತ್ತು ವರ್ಷ ಅವಳನ್ನು ತೊಟ್ಟಿಲಿನಿಂದ ದೂರ ಇರಿಸಿದ್ದ. ಒಂದು ಸಲ ಬಲವಾಗಿ ಒದ್ದುಬಿಡಲೇ ಎನಿಸಿತು, ಎಡಗಾಲು ತಾನಾಗಿಯೇ ಮೇಲೆದ್ದಿತು. ಆದರೆ ಒದ್ದು, ಅದು ನಾಳೆ ವಾಸಿಯಾದರೆ? ತನ್ನ ಕಾಲಿನಿಂದ ಅವನು ಎದ್ದು ನಡೆದರೆ ಆ ಹೊಟ್ಟೆಯುರಿಯನ್ನು ಯಾವ ನೀರು ಆರಿಸಬೇಕು?

ಅವಳು ಕಾಲು ಕೆಳಗಿಟ್ಟಳು. ಡಾಕ್ಟರ್ ನೋಡಿದಂತೆಯೇ ನೋಡತೊಡಗಿದಳು. ಕಾಲೆತ್ತಿದರೆ ಎರಡೂ ಕಾಲು ಸಲೀಸಾಗಿ ಎದ್ದವು. ಹೆಬ್ಬೆರಳು ಕಬ್ಬಿಣದಂತೆ ಗಟ್ಟಿಯಾಗಿತ್ತು. ಜೋಮಿಲ್ಲ, ಉಚ್ಚೆಗೆ ತಡೆಯಿಲ್ಲ. ಬರೀ ನಡದ ಸ್ನಾಯು ಹಿಡಿದದ್ದು. ಬಿಸಿನೀರಿನ ಶಾಖ ಕೊಟ್ಟು, ಮೆಲ್ಲಗೆ ಅಡ್ಡಾಡಿದರೆ ಇನ್ನು ಎಂಟು ದಿನಕ್ಕೆ ಗುಡಿಗೆ ಹೋಗಬಲ್ಲ. ಹಾಗೆಂದು ಖಚಿತವಾಗಿ ಗೊತ್ತಾದ ಮೇಲೆ ಅವಳು ಅವನ ಕಿವಿಯ ಹತ್ತಿರ ಕೂತು ಮೆಲ್ಲಗೆ ಹೇಳಿದಳು.

"ಒದಿಯೋ ಬ್ಯಾನಿ ಅಲ್ರಿ ಸಾವ್ಕಾರ್ರ ಇದು. ನರ ಹರಿಯಾಕ ಬಂದೈತಿ. ಎದ್ರೋ, ಎರಡೂ ಕಾಲು ಹೋಗತಾವ. ಹಲಗಿ ಮ್ಯಾಲ ಮಲಗ್ರಿ. ನಾ ಏಳ್ರಿ ಅನ್ನೂಮಟ ಏಳಬ್ಯಾಡ್ರಿ."

ನೆಲ ಹಿಡಿದ ಗಂಡನನ್ನು ಎಬ್ಬಿಸಿ ನಡೆಸಿದವಳು ಎಂಬುದು ಊರಿಗೇ ಗೊತ್ತಿತ್ತು. ಅವನು ನಂಬಿದ, ಕೈ ಮುಗಿದ. ಹೊತ್ತು ತಂದವರೇ ಹೊತ್ತುಕೊಂಡು ಹೋದರು. ಕರದಂಟನ್ನು ಅವಳು ಎಮ್ಮೆಯ ಮುಸುರೆಗೆ ಹಾಕಿದಳು.

ಶಂಕ್ರಪ್ಪ ಮಲಗಿದ. ಹತ್ತು ದಿನಕ್ಕೊಮ್ಮೆ ಅವಳು ಹೋಗಿ ಕಾಲೆತ್ತಿ ನೋಡಿ, ಇನ್ನೂ ಕೂಡಿಲ್ಲ ಎಂದು ತಲೆಯಾಡಿಸಿ ಬರುತ್ತಿದ್ದಳು. ಮಕ್ಕಳಿಗೂ ಅಪ್ಪ ಮಲಗಿದ್ದು ಅಡ್ಡಿಯಾಗಲಿಲ್ಲ, ಗಾದಿ ಅವರ ಕೈಗೆ ಬಂದಿತ್ತು. ಬಾಗಲಕೋಟೆಗೆ ಒಯ್ಯೋಣ ಎಂದು ಒಬ್ಬನೂ ಬಾಯಿಬಿಡಲಿಲ್ಲ. ಮೊದಲ ತಿಂಗಳು ದನಿ ತಗ್ಗಿತು. ಮೂರನೆಯ ತಿಂಗಳಿಗೆ ತೊಡೆ ಕರಗಿತು. ನಡ ಈಗ ಖರೆಯಾಗಿಯೇ ನೋಯತೊಡಗಿತ್ತು, ಮಲಗಿ ಮಲಗಿ. ಬೆನ್ನಿಗೆ ಹುಣ್ಣುಗಳಾಗಿವೆ ಎಂದು ಸೊಸೆ ಸಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಾಗ ಗುರುಸಿದ್ದವ್ವನಿಗೆ ಕನಿಕರ ಬಂತೇ ಎಂದು ಕೇಳಿದರೆ, ಬರಲಿಲ್ಲ. ಮನೆಗೆ ಬರುವಾಗ ಹೆಜ್ಜೆ ಹಗುರಾಗಿರುತ್ತಿತ್ತು. ಆರು ತಿಂಗಳು ಹನ್ನೊಂದು ದಿನ ಎಂದು ಮೊದಲು ಲೆಕ್ಕ ಹಾಕಿದ್ದಳು. ಆ ದಿನ ಬಂತು, ಹೋಯಿತು. ಅವಳು ಏಳು ಎನ್ನಲಿಲ್ಲ. ಇನ್ನೂ ಇರಲಿ ಎನಿಸಿತು.

ದೀಪಾವಳಿ ಕಳೆದ ಮೇಲೆ ಕಾಶಪ್ಪ ಕೋಲೂರಿಕೊಂಡು ತಾನೇ ಶಂಕ್ರಪ್ಪನನ್ನು ನೋಡಲು ಹೋದ. ವರ್ಷಗಟ್ಟಲೆ ಆ ಬೇನೆಯನ್ನು ಮೈಯಲ್ಲಿ ಹೊತ್ತವನು, ಮಲಗಿದವನ ಹೆಬ್ಬೆರಳನ್ನು ಒಮ್ಮೆ ಒತ್ತಿಸಿ ನೋಡಿದ್ದೇ ತಡ, ಎಲ್ಲಾ ತಿಳಿಯಿತು. ಮನೆಗೆ ಬಂದು, ಮಗ್ಗದ ದಂಡೆಯ ಹತ್ತಿರ ನಿಂತ.

"ಅವನ ನರಕ್ಕ ಏನೂ ಆಗಿಲ್ಲ," ಎಂದ.

ಅವಳು ಲಾಳಿ ನಿಲ್ಲಿಸಿದಳು, ತಲೆ ಎತ್ತಲಿಲ್ಲ.

"ಆರು ತಿಂಗಳ ಮಲಗೂದು ಏನಂತ ನನಗ ಗೊತ್ತೈತಿ, ಗುರುಸಿದ್ದಿ. ನನ್ನ ವೈರಿಗೂ ಬ್ಯಾಡ ಅದು."

"ಅಂವ ನಿಮ್ಮ ವೈರಿ ಅಲ್ರಿ," ಎಂದಳು ಅವಳು. "ನಿಮಗ ಕಾಲು ಒಂದ ಹೋತು. ಅಯ್ಯೋ ಪಾಪ ಅಂದ್ರು ನಿಮಗ. ನನಗ ಯಾರಂದ್ರು? ಅಂವ ನನ್ನ ವೈರಿ."

ಕಾಶಪ್ಪ, ನೀನು ಹೋಗದಿದ್ದರೆ ನಾನೇ ಹೋಗಿ ಹೇಳುತ್ತೇನೆ ಎಂದು ಚಪ್ಪಲಿ ಹುಡುಕತೊಡಗಿದ. ಅವಳು ಕುಣಿಯಿಂದ ಎದ್ದಳು. ಮಲಗಿಸಿದವಳು ನಾನು, ಎಬ್ಬಿಸುವವಳೂ ನಾನೇ, ನಡುವೆ ನೀವು ಬರಬೇಡಿ ಎಂದು ಸೆರಗು ಬಿಗಿದು ಹೊರಟಳು. ಕರುಣೆಯಿಂದ ಹೊರಟಳು ಎಂದು ಯಾರೂ ತಿಳಿಯಬೇಡಿ. ಅವನನ್ನು ಎಬ್ಬಿಸಿ ನಿಲ್ಲಿಸಿ, ನಿಂತ ಕಾಲ ಮೇಲೆಯೇ ಆ ಮಾತನ್ನು ಬಾಯಿಬಿಡಿಸಬೇಕು ಎಂಬ ಹಂಚಿಕೆ ಹಾಕಿಕೊಂಡೇ ಹೊರಟಳು. ಅವನು ಅದನ್ನು ಹೇಳದಿದ್ದರೆ, ಮತ್ತೆ ನಡೆಯುವುದು ಹೇಗೆ ಎಂಬ ಪಾಠವನ್ನು ಅವಳು ಕಲಿಸುವವಳಿರಲಿಲ್ಲ.

ಪಡಸಾಲೆಯಲ್ಲಿ ಶಂಕ್ರಪ್ಪ ಮಲಗಿದ್ದ. ಅವನ ಇಬ್ಬರು ಮಕ್ಕಳು, ಸಂಗವ್ವ, ವಾರದ ಸೀರೆ ಒಪ್ಪಿಸಲು ಬಂದಿದ್ದ ನೇಕಾರರು ಏಳೆಂಟು ಮಂದಿ ಇದ್ದರು. ಎಪ್ಪತ್ನಾಲ್ಕರಲ್ಲಿ ಲಾಳಿ ಹಿಡಿದುಕೊಂಡು ನೋಡಿದ್ದವರೇ ಹೆಚ್ಚಿನವರು. ಗುರುಸಿದ್ದವ್ವ ಹಲಗೆಯ ಪಕ್ಕ ನಿಂತಳು.

"ಏಳ್ರಿ ಸಾವ್ಕಾರ್ರ. ನಿಮಗ ಏನೂ ಆಗಿಲ್ಲ. ನಾ ಸುಳ್ಳು ಹೇಳಿದ್ದೆ. ಪಕ್ಕಕ್ಕ ಹೊರಳ್ರಿ, ಕೈ ಊರ್ರಿ, ನನ್ನ ಕೈ ಹಿಡೀರಿ, ನಡಸ್ತೇನಿ," ಎಂದು ಕೈ ಚಾಚಿದಳು.

ಶಂಕ್ರಪ್ಪ ಚಾಚಿದ ಕೈಯನ್ನೂ ಅವಳ ಮುಖವನ್ನೂ ನೋಡಿದ. ಅವನ ಮುಖ ಬೂದಿಯಾಯಿತು. ಎರಡೂ ಕೈಯಿಂದ ಹಲಗೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡ.

"ಇಲ್ಲ. ನಾ ಏಳೂದಿಲ್ಲ. ನೀ ನನ್ನ ಕಾಲು ತಗೊಳ್ಳಾಕ ಬಂದೀದಿ," ಎಂದ. ದನಿಯಲ್ಲಿ ಈಗ ಜೇನು ಇರಲಿಲ್ಲ, ಕೂಗುತ್ತಿದ್ದ. "ನಾ ಏನ ಮಾಡೇನಿ ಅಂತ ನನಗ ಗೊತ್ತಿಲ್ಲೇನು? ಬೆರಳು ಏಳವಲ್ದು, ಬಾಗಲಕೋಟಿಗೆ ಹೋಗತೇನಿ ಅಂದಿದ್ದ ಕಾಶಪ್ಪ. ನಾನ ತಡದೆ. ಒದಿ ಅಂದಾಂವ ನಾನ. ಜೋರ ಒದಿ ಅಂದಾಂವನೂ ನಾನ. ಊರಾಗ ನಿನ್ನ ಮ್ಯಾಲ ಹಾಕಿದೆ. ಇಷ್ಟೆಲ್ಲಾ ಮಾಡಿಸ್ಕೊಂಡಾಕಿ ನನ್ನ ಎಬ್ಬಿಸಿ ನಡಸ್ತೀಯಾ? ನಂಬಾಕ ನಾ ಹುಚ್ಚ ಅಲ್ಲ!"

ಒಬ್ಬ ಮುದಿ ನೇಕಾರ ಕೈಯಲ್ಲಿದ್ದ ಸೀರೆಯನ್ನು ನೆಲಕ್ಕಿಟ್ಟು, ಖರೆ ಐತಿ, ನಾ ಅಲ್ಲೇ ಇದ್ದೆ ಎಂದ. ಇನ್ನಿಬ್ಬರು ತಲೆ ತಗ್ಗಿಸಿದರು. ಸಂಗವ್ವ ಮಾವನನ್ನು ಬಿಟ್ಟು ಗುರುಸಿದ್ದವ್ವನ ಮುಖವನ್ನೇ ನೋಡುತ್ತಿದ್ದಳು.

ಗುರುಸಿದ್ದವ್ವನ ಕೈ ಇನ್ನೂ ಚಾಚಿಯೇ ಇತ್ತು. ಖುಷಿಯಾಯಿತೇ? ಆಯಿತು, ಎದೆ ಬಿರಿಯುವಷ್ಟು ಆಯಿತು. ಅದನ್ನು ಮುಚ್ಚಿಡುವುದು ಯಾಕೆ? ಏಳ್ರಿ ಎಂದು ಮತ್ತೊಮ್ಮೆ ಹೇಳಲು ಬಾಯಿ ತೆರೆದಳು. ಅವನು ಕಣ್ಣು ಬಿಗಿಯಾಗಿ ಮುಚ್ಚಿ ಹಲಗೆಗೆ ಇನ್ನಷ್ಟು ಅಂಟಿಕೊಂಡ. ಅವಳು ಬಾಯಿ ಮುಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಮನೆಯ ಬಾಗಿಲಲ್ಲಿ ಕಾಶಪ್ಪ ಕೋಲಿನ ಮೇಲೆ ಭಾರ ಬಿಟ್ಟು ಕಾಯುತ್ತಿದ್ದ.

"ಎದ್ದನೇನು?" ಎಂದು ಕೇಳಿದ.

"ಇಲ್ರಿ," ಎಂದಳು ಗುರುಸಿದ್ದವ್ವ. "ಖರೆ ಹೇಳಿದ. ಏಳಲಿಲ್ಲ."